ಹನ್ನೊಂದನೆಯ ಪ್ರಶ್ನೆ

ಬಂದವರು ಮೂವರು.
ಹೆಣ್ಣು ಕೊಡುವ ಮೊದಲು ಮನೆ ನೋಡಲು ಬರುತ್ತಾರಲ್ಲ, ಹಾಗೆ:
ಚಪ್ಪಲಿ ಹೊರಗೆ ಬಿಟ್ಟು, ದನಿ ತಗ್ಗಿಸಿ,
ಕಣ್ಣು ಮಾತ್ರ ಮೂಲೆ ಮೂಲೆಗೆ.

ಮರಿವಿಕ್, ದಂತವೈದ್ಯರ ಬಳಿ ನರ್ಸು, ವಾರಕ್ಕೊಂದೇ ರಜೆ.
ಹೀದರ್, ಶಾಲೆಯಲ್ಲಿ ಲೆಕ್ಕದ ಟೀಚರು,
ಕರಿ ಪ್ಯಾಂಟಿನ ತುಂಬ ಬಿಳಿ ಕೂದಲು.
ಗಾನಿಂ, ಇಲ್ಲಿಯವನೇ, ಜೇಬಿನಲ್ಲಿ ಅಳತೆಯ ಟೇಪು.
ಯಾರಿಗೂ ಸಂಬಳವಿಲ್ಲ ಇದಕ್ಕೆ.
ಸಲೂಕಿ ನಾಯಿ ಎಲ್ಲಿ ಬಿದ್ದಿದ್ದರೂ ಎತ್ತಿ ತರುವುದು,
ಗಾಯ ಹೊಲಿಸುವುದು, ಮನೆ ಹುಡುಕುವುದು,
ಕೆಲಸ ಮುಗಿದ ಮೇಲಿನ ಕೆಲಸ.

ಗಾನಿಂ ಹಿತ್ತಲ ಗೋಡೆ ಅಳೆದ. ಐದಡಿ ಎರಡಿಂಚು.
"ಹಾರುತ್ತಾಳೆ" ಎಂದ, ಮಗಳ ಅಂಕಪಟ್ಟಿ ತೋರಿಸುವವನ ಹಾಗೆ.

ಚಹಾ ಕೊಟ್ಟೆ. ಶೇಂಗಾ ಹೋಳಿಗೆ ಕೊಟ್ಟೆ.
ಹೀದರ್ ಕಾಗದ ಬಿಡಿಸಿದಳು.
ದಿನಕ್ಕೆಷ್ಟು ತಾಸು ಒಂಟಿ?
ಎರಡು. ನನ್ನದು ಲ್ಯಾಬಿನಲ್ಲಿ ರಾತ್ರಿ ಪಾಳಿ,
ಅವರದು ರಾಸ್ ಅಲ್ ಖೈಮಾದ ಟೈಲ್ಸ್ ಗೋದಾಮಿನಲ್ಲಿ ಹಗಲು.
ಹಿಂದೆ ಸಾಕಿದ್ದಿರಾ?
ಅಷ್ಟು ಹೊತ್ತು ಸುಮ್ಮನಿದ್ದ ಮನುಷ್ಯ ಕುರ್ಚಿಯ ಅಂಚಿಗೆ ಬಂದರು.
ಮುಧೋಳದವರು ನಾವು. ಅಲ್ಲಿನ ನಾಯಿಗೂ ಸೊಂಟ ಹೀಗೇ,
ಎರಡು ಮುಷ್ಟಿಯಲ್ಲಿ ಹಿಡಿಯುವಷ್ಟು. ಮೋತಿ ಹೀಗೇ ಉದ್ದ.
ಓಡಿದರೆ ನೆಲಕ್ಕೆ ಗೊತ್ತಾಗುವುದಿಲ್ಲ.
ಗಾನಿಂ ಹಾಂ ಹಾಂ ಎಂದ. ಇಬ್ಬರಿಗೂ ಇಂಗ್ಲಿಷು ಸಾಲದು.
ಗಾಳಿಯಲ್ಲಿ ಒಂದು ನಾಯಿ ಬಿಡಿಸುತ್ತ ಕೂತವು
ನಾಲ್ಕು ಕೈಗಳು.

ಹನ್ನೊಂದನೆಯದಕ್ಕೆ ನನ್ನ ಪೆನ್ನು ನಿಂತಿತು.
ಈ ದೇಶ ಬಿಟ್ಟು ಹೋಗುವ ದಿನ ನಾಯಿಯನ್ನೇನು ಮಾಡುತ್ತೀರಿ?

ಹೋದರೆ, ಎಂದಿರಲಿಲ್ಲ.
ಹೋಗುವ ದಿನ.
ಹದಿನಾಲ್ಕು ವರ್ಷದಲ್ಲಿ ಯಾರೂ ಇಷ್ಟು ನೆಟ್ಟಗೆ ಕೇಳಿರಲಿಲ್ಲ,
ವೀಸಾ ಕಚೇರಿಯವರೂ.

'ನಮ್ಮ ಜೋಡಿ' ಎಂದು ಬರೆದೆ.
"ಎಲ್ಲರೂ ಅದನ್ನೇ ಬರೆಯುತ್ತಾರೆ" ಅಂದಳು ಮರಿವಿಕ್,
ಹೋಳಿಗೆ ಮುರಿಯುತ್ತ, ಸಿಟ್ಟಿಲ್ಲದೆ.
ಇವಳ ಮೊದಲಿನ ಮನೆಯವರೂ ಬರೆದಿದ್ದರು.
ಪೆಟ್ಟಿಗೆಗೆಷ್ಟು, ವಿಮಾನಕ್ಕೆಷ್ಟು, ಕಾಗದಪತ್ರಕ್ಕೆಷ್ಟು,
ಅಂಕಿ ಬರೆಯಿರಿ.
ಬರೆದೆವು. ನನ್ನ ಎರಡು ತಿಂಗಳ ದುಡಿಮೆ.

ಗೋಡೆಗೆ ತಗಡು ಏರಿಸಿದ ಮೇಲೆ ಅವಳು ಬಂದಳು,
ನಾಲ್ಕೂ ಪಾದಕ್ಕೆ ಮದರಂಗಿ ಹಚ್ಚಿಕೊಂಡು.
ಆರು ತಿಂಗಳು ಇಟ್ಟುಕೊಂಡಿದ್ದ ಗಾನಿಂನ ತಾಯಿ
ಕಳಿಸುವಾಗ ಹಚ್ಚಿದ್ದಂತೆ,
ಕಾರಿನವರೆಗೆ ಬರಲಿಲ್ಲವಂತೆ.

ಹೊಸ್ತಿಲಲ್ಲೇ ನಿಂತಳು.
ತಆಲಿ, ಎಂದೆ ನಾನು, ಕಲಿತ ಅರಬ್ಬಿಯಲ್ಲಿ.
ಬಾರವ್ವ, ಎಂದರು ಅವರು.
ಬಾರವ್ವಕ್ಕೆ ಕಿವಿ ನಿಮಿರಿತೆಂದು ಇವತ್ತಿಗೂ ಅವರ ವಾದ.
ಕೈಯಲ್ಲಿ ಕಟಕ ರೊಟ್ಟಿ ಇತ್ತು, ಅದನ್ನು ಹೇಳುವುದಿಲ್ಲ.

ಹೆಸರು ಬದಲಿಸಲಿಲ್ಲ. ರೀಮ್.
ಎರಡು ಮನೆ ದಾಟಿ ಅವಳು ತಂದ ಸಾಮಾನು ಅದೊಂದೇ.

ಮೇ ತಿಂಗಳಲ್ಲಿ ಊರಿಗೆ ಹೊರಡಲೆಂದು
ಕಪಾಟಿನ ಮೇಲಿಂದ ಸೂಟ್‌ಕೇಸು ಇಳಿಸಿದೆವು.
ಚಕ್ರ ನೆಲದ ಮೇಲೆ ಗರಗರ ಅಂದದ್ದೇ ಎದ್ದಳು.
ಬೊಗಳಲಿಲ್ಲ.
ಬಾಗಿಲ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನಿಂತಳು,
ಹಿಂಗಾಲು ಎರಡೂ ನಡುಗುತ್ತ.
ಉಗುರಿನ ತುದಿಯಲ್ಲಿ ಇನ್ನೂ ಒಂದು ಗೀರು ಕೆಂಪು.

"ಇದನ್ನ ಒಯ್ಯೂದು ಬ್ಯಾಡ" ಅಂದರು.
ಬಾಸ್ಮತಿಯ ಚೀಲದಲ್ಲಿ ಬಟ್ಟೆ ತುರುಕಿ, ಬಾಯಿ ಹೊಲಿದು,
ಒಬ್ಬರೇ ಹೋದರು.
ಏರ್‌ಪೋರ್ಟಿನಲ್ಲಿ ಹುಡುಗರು ನಕ್ಕರಂತೆ.
ರಾತ್ರಿ ನಾನು ಡ್ಯೂಟಿಗೆ ಹೋದಾಗ
ಮರಿವಿಕ್ ಬಂದು ಸೋಫಾದ ಮೇಲೆ ಮಲಗುತ್ತಾಳೆ,
ಅರ್ಧ ಸೋಫಾ ಅಷ್ಟೇ, ಇನ್ನರ್ಧ ಖಾಲಿಯಿರುವುದಿಲ್ಲ.

ಬೆಳಗಿನ ಆರಕ್ಕೆ ಸಮುದ್ರದ ಕಡೆ ನಡೆಯುತ್ತೇವೆ.
ಹಗ್ಗ ಬಿಚ್ಚಬೇಡಿ, ಹೀದರ್ ಹೇಳಿದ್ದಾಳೆ,
ಓಡುವುದೊಂದು ಕಣ್ಣಿಗೆ ಬಿದ್ದರೆ ಕರೆದರೂ ತಿರುಗುವ ಜಾತಿಯಲ್ಲ.
ಬಿಚ್ಚುವುದಿಲ್ಲ.
ಒಂದು ತುದಿ ಅವಳಿಗೆ, ಒಂದು ತುದಿ ನನಗೆ.

ಫ್ರಿಜ್ಜಿನ ಬಾಗಿಲಲ್ಲಿ ಒಂದೇ ಆಯಸ್ಕಾಂತದ ಕೆಳಗೆ
ಅವಳ ಲಸಿಕೆಯ ತಾರೀಖು, ನನ್ನ ವೀಸಾದ್ದು.
ಮೊದಲು ಮುಗಿಯುವುದು ನನ್ನದು.
ಪಕ್ಕದ ಕಟ್ಟೆಯ ಮೇಲೆ ಬೂಂದಿಯ ಹಳೆ ಡಬ್ಬಿ,
ಇವತ್ತಿಗೆ ಇನ್ನೂರ ಎಪ್ಪತ್ತು ದಿರಹಂ.