ಹೆಪ್ಪಿನ ಬಲ್ಬು

ಅಕ್ಟೋಬರಿನ ಬಿಲ್ಲನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿ
ವಾಝಾ ಎರಡು ದಿನ ಮಾತಾಡಲಿಲ್ಲ.
ಮೂರನೆಯ ದಿನ ತೋರುಬೆರಳೆತ್ತಿ
ಬಲ್ಬು ಎಣಿಸಿದ, ಬೆಟ್ಟದಿಂದಿಳಿದ ಕುರಿ ಎಣಿಸುವಂತೆ:
ಅಡುಗೆಮನೆಗೆರಡು, ನಡುಮನೆಗೆ ಐದು,
ಮರದ ಬಾಲ್ಕನಿಗೊಂದು,
ನನ್ನ ಹೊಲಿಗೆ ಮಿಷನ್ನಿನ ತಲೆಯ ಮೇಲೊಂದು.
"ಒಂದೊಂದೂ ಅರವತ್ತು ವ್ಯಾಟು, ನತೇಲಾ!
ನಾವು ಕೊಳ್ಳುತ್ತಿರುವುದು ಬೆಳಕಲ್ಲ,
ಗಾಜಿನ ಒಲೆ. ಸೂರಿಗೆ ನೇತುಹಾಕಿ ಉರಿಸುತ್ತಿದ್ದೇವೆ."

ಲೀಲೋ ಬಜಾರಿನಿಂದ ಒಂಬತ್ತು ಎಲ್‌ಇಡಿ ತಂದ,
ಮೊಟ್ಟೆ ತರುವವನ ಹಾಗೆ ಎದೆಗವಚಿ,
ಮೆಟ್ರೋದಲ್ಲಿ ನಿಂತೇ.
ಒಂದಕ್ಕೆ ನಾಲ್ಕು ಲರಿ.
ಅರವತ್ತರ ಕೆಲಸ ಒಂಬತ್ತು ವ್ಯಾಟಿಗೆ.

ಮೊದಲ ರಾತ್ರಿ ನಮ್ಮ ನಡುಮನೆ
ಹಲ್ಲು ಕೀಳುವವನ ಕೋಣೆಯಾಯಿತು.
ಸೂರಿನ ತೇವದ ಕಲೆ, ಅತ್ತೆಯ ಫೋಟೋದ ಗಾಜಿನ ಬಿರುಕು,
ನನ್ನ ಗಲ್ಲದ ಎರಡು ಕೂದಲು,
ಎಲ್ಲ ಹೊರಬಂದು ಕೂತವು ಕರೆಯದ ನೆಂಟರಂತೆ.
"ಇದು ಬೆಳಕಲ್ಲ, ವಿಚಾರಣೆ," ಅಂದೆ.
ಮರುದಿನ ಹೋಗಿ ಬದಲಾಯಿಸಿ ತಂದ.
ಡಬ್ಬಿಯ ಮೇಲೇ ಬರೆದಿತ್ತಂತೆ:
ಅದು ಆರೂವರೆ ಸಾವಿರ, ಇದು ಎರಡು ಸಾವಿರದ ಏಳುನೂರು.
ಬೆಳಕಿಗೂ ಜ್ವರದ ಲೆಕ್ಕವಿದೆಯೆಂದು
ಈ ವಯಸ್ಸಿನಲ್ಲಿ ತಿಳಿಯಿತು.

ಅಂಗಳದಾಚೆಯಿಂದ ತ್ಸಿಯಾಲಾ ನಕ್ಕಳು:
"ಒಂದು ಮೋಂಬತ್ತಿಯಲ್ಲಿ ಚಳಿಗಾಲಗಳನ್ನೇ ನೂಕಿದವರು,
ಈಗ ಬಣ್ಣ ಆರಿಸುತ್ತೀರಾ?"

ಹೌದು, ಆ ವರ್ಷಗಳು.
ಟಿಬಿಲಿಸಿಗೆ ಟಿಬಿಲಿಸಿಯೇ ಕತ್ತಲು.
ಸ್ವಿಚ್ಚುಗಳನ್ನೆಲ್ಲ ಹಾಕಿಯೇ ಮಲಗುತ್ತಿದ್ದೆವು,
ಕರೆಂಟು ಬಂದರೆ ಎಚ್ಚರವಾಗಲೆಂದು.
ರಾತ್ರಿ ಮೂರಕ್ಕೆ ಇಡೀ ಅಂಗಳ "ಬಂತು!" ಎಂದು ಕೂಗುತ್ತಿತ್ತು.
ಎದ್ದು ಇಸ್ತ್ರಿ, ರೊಟ್ಟಿ, ಮಗುವಿನ ಸ್ನಾನ,
ನಾನು ಅರ್ಧ ಉಳಿದ ಕೋಟಿನ ತೋಳು.
ನಲವತ್ತು ನಿಮಿಷದಲ್ಲಿ ಒಂದಿಡೀ ದಿನ ಬದುಕಿ
ಮತ್ತೆ ಕಂಬಳಿಯೊಳಗೆ.
ಅಂದಿನಿಂದ, ಉರಿವ ದೀಪವನ್ನು ಆರಿಸುವುದೆಂದರೆ
ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳಿಸಿದ ಹಾಗೆ
ನನ್ನ ಬೆರಳಿಗೆ.
ಬಿಲ್ಲಿಗೆ ಇದು ಗೊತ್ತಿಲ್ಲ.

ನವೆಂಬರಿನಲ್ಲಿ ಮತ್ಸೋನಿ ಹೆಪ್ಪಾಗಲಿಲ್ಲ.
ಹಾಕಿಟ್ಟ ಹಾಲು ಹಾಲಾಗಿಯೇ ಬೆಳಗು ಕಂಡಿತು.
ಹೆಪ್ಪು ಬದಲಿಸಿದೆ. ಜಾಡಿ ಕುದಿಸಿ ತೊಳೆದೆ.
ನೀರು ಬೆರೆಸಿದ್ದೀಯೆಂದು ಹಾಲಿನವಳನ್ನು ಬೈದೆ, ಅವಳೂ ಬೈದಳು.
ನಾಲ್ಕನೆಯ ರಾತ್ರಿ ಹೊಳೆಯಿತು:
ಇಷ್ಟು ವರ್ಷ ಜಾಡಿ ಇಡುತ್ತಿದ್ದದ್ದು
ಮಿಷನ್ನಿನ ದೀಪದ ಬುಡದಲ್ಲಿ.
ಹಳೆಯ ಅರವತ್ತು, ಕೋಳಿಯ ಹಾಗೆ,
ರಾತ್ರಿಯೆಲ್ಲ ಅದರ ಮೇಲೆ ಕಾವು ಕೂತಿತ್ತು.
ಹೊಸದು ಜಾಣ. ಬೆಳಕು ಕೊಡುತ್ತದೆ,
ಮೈಯ ಬಿಸಿ ಕೊಡುವುದಿಲ್ಲ.
'ಪೋಲು' ಎಂದು ವಾಝಾ ಗೀಟು ಹೊಡೆದ ಅಂಕಿಯಲ್ಲಿ
ನಮ್ಮ ಬೆಳಗಿನ ಮೊಸರೂ ಇತ್ತು.

ಹೇಳಲಿಲ್ಲ ಅವನಿಗೆ.
ಜಾಡಿಗೆ ಅವನ ಹಳೆಯ ಮಿಲಿಟರಿ ಕೋಟು ಸುತ್ತಿದೆ,
ಅರೆಬರೆ ಹೆಪ್ಪಾಯಿತು, ನೀರುನೀರು.
ಅವನು ಮಾತಿಲ್ಲದೆ ತಿಂದ.
ನಲವತ್ತೆಂಟರ ಬಿಲ್ಲು ಮೂವತ್ಮೂರಕ್ಕಿಳಿದಿತ್ತು,
ತಿನ್ನದೆ ಏನು ಮಾಡುತ್ತಾನೆ.

ಜನವರಿಯ ಒಂದು ಶನಿವಾರ, ನಡುರಾತ್ರಿ,
ನೀರಿಗೆಂದು ಎದ್ದರೆ ಮಿಷನ್ನಿನ ಬಳಿ ಅವನು.
ಹಳೆಯ ಪತ್ರಿಕೆಯೊಳಗಿಂದ ಆ ಅರವತ್ತನ್ನು ಬಿಚ್ಚಿ
(ಎಸೆದೆನೆಂದಿದ್ದ)
ತಿರುಚಿ ಕೂಡಿಸಿ, ಜಾಡಿಯನ್ನು ಬುಡಕ್ಕೆ ಸರಿಸಿ,
ಅಂಗೈಯಿಂದ ಬಿಸಿ ನೋಡಿ,
ಲೆಕ್ಕದ ಪುಸ್ತಕ ತೆರೆದ.
ಏಳು ಗಂಟೆ. ಹನ್ನೆರಡು ತೆತ್ರಿ.
ಬರೆದುಕೊಂಡ,
ಕರೆಂಟಿನ ಪುಟದಲ್ಲಲ್ಲ,
ಊಟದ ಪುಟದಲ್ಲಿ.