ಗಾಲಿ

ಸಿನಾವ್ ಪೇಟೆಯ ಹೊರಗೆ, ತಂತಿಬೇಲಿಯ ಯಾರ್ಡಿನಲ್ಲಿ
ಎರಡು ವ್ಯಾನು. ಒಂದೇ ಬಿಳಿ, ಒಂದೇ ವರ್ಷದವು,
ಬಿಸಿಲಿಗೆ ಒಂದೇ ಥರ ಒಡೆದ ಡ್ಯಾಶ್‌ಬೋರ್ಡು.
ಒಂದಕ್ಕೆ ಎರಡು ಸಾವಿರದ ಮುನ್ನೂರು ರಿಯಾಲು.
ಇನ್ನೊಂದಕ್ಕೆ ಅದರ ಮೇಲೆ ಒಂಬೈನೂರು.

ಹೆಚ್ಚಿಗೆ ಏನಿದೆ? ಬಗ್ಗಿ ನೋಡಿದೆ.
ಮುಂದಿನ ಚಕ್ರಗಳಿಗೂ ಒಂದು ದಂಡ ಹೋಗಿದೆ, ಅಷ್ಟೆ.
ಇಷ್ಟು ದಿನ ಮುಂದಿನವು ಸೈಟಿನ ಫೋರ್‌ಮನ್ನರ ಹಾಗೆ
ದಿಕ್ಕು ತೋರಿಸುತ್ತಿದ್ದವು; ತಳ್ಳುವುದೆಲ್ಲ ಹಿಂದಿನವರ ಪಾಡು.
ಇದರಲ್ಲಿ ಫೋರ್‌ಮನ್ನನೂ ಹೊಂಡಕ್ಕಿಳಿದು ಹೆಗಲು ಕೊಡುತ್ತಾನೆ.
ಅದಕ್ಕೆ ಒಂಬೈನೂರು.

"ಗಾಲಿ," ಎಂದೆ ಯಾರ್ಡಿನವನಿಗೆ.
ಬಂದಿಳಿದ ವಾರವೇ ಕಲಿತ ಅರಬಿ ಮಾತು: ದುಬಾರಿ.
ಟೊಮೆಟೊಗೂ ಗಾಲಿ, ಟಿಕೇಟಿಗೂ ಗಾಲಿ,
ಹತ್ತೊಂಬತ್ತು ವರ್ಷ ಚೌಕಾಸಿ ಮಾಡಿದ್ದು ಅದೊಂದೇ ಮಾತಿನಲ್ಲಿ.
ಲಿಗೋರಿ ಟಯರಿಗೆ ಮೆಲ್ಲಗೆ ಒದ್ದು ಹೇಳಿದ,
"ಗಾಲಿಯೇ ಅಲ್ಲವಾ ಮಾರಾಯ, ನಾವು ಕೊಳ್ಳುತ್ತಿರುವುದು."

ರಾತ್ರಿ ಕೋಣೆಯಲ್ಲಿ, ಚಹಾಪುಡಿ ಡಬ್ಬದ ರಟ್ಟು ಬಿಡಿಸಿ ಲೆಕ್ಕ.
ಪಂಪು, ಫ್ರೀಜರು, ಎ.ಸಿ. ರಿಪೇರಿ ನಮ್ಮದು;
ತಿಂಗಳ ಬಹುಪಾಲು ಡಾಂಬರು,
ಮೂರೋ ನಾಲ್ಕೋ ದಿನ ಒಂಟೆ ಸಾಕುವವರ ಇಜ್ಬಾಗಳಿಗೆ, ಮರಳು.
ಹೋದ ವರ್ಷ ಹೂತದ್ದು ಆರು ಸಲ.
ಎಳೆಸಿದ್ದಕ್ಕೆ ತಲಾ ಹನ್ನೆರಡು, ಐದು ಸಲಕ್ಕೆ ಅರವತ್ತು.
ಒಂದು ಸಲದ್ದು ಬಿಟ್ಟಿ.
ಒಂಬೈನೂರನ್ನು ಅರವತ್ತರಿಂದ ಭಾಗಿಸಿದೆ:
ಹದಿನೈದು ವರ್ಷ ತಪ್ಪದೆ ಹೂತರೆ ಅಸಲು ಹುಟ್ಟುತ್ತದೆ.
ನನ್ನ ವೀಸಾ ಉಳಿದಿರುವುದು ಒಂದೂವರೆ ವರ್ಷ.
ಪೆಟ್ರೋಲು ಬೇರೆ ಜಾಸ್ತಿ ಕುಡಿಯುತ್ತದಂತೆ.

ಆ ಬಿಟ್ಟಿಯ ಒಂದು ಸಲ.
ಜೂನ್. ಕಂಪ್ರೆಸರ್ ಕೂರಿಸಿ ಮರಳುವಾಗ, ಮರಳು:
ಹನ್ನೊಂದು ಗಂಟೆಗೆ ಅಚ್ಚಿನವರೆಗೆ ಇಳಿಯಿತು.
ಟಯರಿನ ಗಾಳಿ ಬಿಟ್ಟೆವು, ಕಾಲೊರಸು ಹಾಸಿದೆವು, ನನ್ನ ಶರಟು ಹಾಸಿದೆವು.
ಫೋನಿನಲ್ಲಿ ಒಂದು ಗೆರೆಯೂ ಇಲ್ಲ.
ನೆರಳೆಂದರೆ ವ್ಯಾನಿನದೇ;
ಸೂರ್ಯ ನೆತ್ತಿಗೆ ಬಂದಾಗ ಅದೂ ಅಡಿಗೆ ನುಸುಳಿತು.
ನಾವು ಅದರ ಹಿಂದೆ, ಪಡುವಣದಿಂದ ಮೂಡಣಕ್ಕೆ, ಕುಂಡೆಯೂರಿ ತೆವಳುತ್ತ.
ಹೂತ ವ್ಯಾನು ಅಲುಗಲಿಲ್ಲ,
ಅದರ ನೆರಳು ಮಾತ್ರ ಎಲ್ಲಿಗೋ ಹೊರಟಿತ್ತು.
ಎರಡು ಗಂಟೆಗೆ ಲಿಗೋರಿ ಬೆವರುವುದನ್ನು ನಿಲ್ಲಿಸಿದ.
ಆಮೇಲೆ ಅಲ್ಲಿಲ್ಲದ ಯಾರೊಂದಿಗೋ ಕೊಂಕಣಿಯಲ್ಲಿ
ಕೋಣೆಯ ಬಾಡಿಗೆ ವಿಷಯಕ್ಕೆ ಜಗಳ ತೆಗೆದ.

ಬಂದವಳು ಮುದುಕಿ. ಮುಖಕ್ಕೆ ಕೊಕ್ಕಿನಂಥ ಮುಸುಕು,
ಪಿಕಪ್ಪಿನ ಹಿಂದೆ ಏಳು ಆಡು.
ಮೊದಲು ನೀರು. ಆಮೇಲೆ ಹಗ್ಗ. ಆಮೇಲೆ ಬೈಗಳು:
"ನಾಲ್ಕಿವೆ, ದುಡಿಯುವುದು ಎರಡೇ.
ಉಳಿದೆರಡಕ್ಕೆ ಯಾಕೆ ಅನ್ನ ಹಾಕುತ್ತೀರಿ?"
ನೋಟು ಚಾಚಿದೆ. ಕೈ ತಳ್ಳಿದಳು, ಆಡಿನ ಬಾಯಿ ತಳ್ಳುವ ಹಾಗೆ.
ಹೆಸರು ಕೇಳಿದೆ. ಗಾಲಿಯಾ, ಎಂದಳು.
ದುಬಾರಿ ಎಂದು ಮಗಳಿಗೆ ಹೆಸರಿಡುವ ಊರೇ!
"ಬೆಲೆಬಾಳುವವಳು," ಎಂದು ಬಿಡಿಸಿ ಹೇಳಿದ ಲಿಗೋರಿ,
ಎರಡು ದಿನದ ಮೇಲೆ, ಗ್ಲುಕೋಸಿನ ಮಂಚದಿಂದ.
ಹತ್ತೊಂಬತ್ತು ವರ್ಷ ಆ ಮಾತನ್ನು
ನಾನು ಒಂದೇ ಬದಿಗೆ ಉರುಳಿಸುತ್ತಿದ್ದೆ.

ರಟ್ಟಿನಲ್ಲಿ ಆ ಸಲದ ಮುಂದೆ ಸೊನ್ನೆ ಬರೆದಿದ್ದೇನೆ.
ಸೊನ್ನೆಯೂ ದುಂಡಗೇ ಇದೆ.
"ಔಷಧಿ ಖರ್ಚು ಅಂತ ಬರಿ,"
ಗೋಡೆಗೆ ತಿರುಗಿ ಮಲಗಿದವನು ಹೇಳಿದ. "ದೀಪ ಆರಿಸು."

ಬೆಳಿಗ್ಗೆ ಎಂಟುನೂರ ಇಪ್ಪತ್ತಕ್ಕೆ ಇಳಿಸಿ,
ಒಂದು ಸಲಿಕೆ ಮೇಲೆ ಹಾಕಿಸಿಕೊಂಡು ಹೊರಟೆವು.
ಗುರುವಾರ. ಸಂತೆ.
ಆಡು, ಒಂಟೆಮರಿ, ಹುಲ್ಲಿನ ಲಾರಿಗಳ ನಡುವೆ
ಒಳ್ಳೆಯ ಡಾಂಬರಿನ ಮೇಲೆ, ನಲವತ್ತು ನಿಮಿಷ,
ನಾಲ್ಕೂ ಚಕ್ರ ಹೂತಂತೆ ನಿಂತವು.
ಲಿಗೋರಿ ಆ ಹೊಸ ಲಿವರನ್ನು ಸುಮ್ಮನೆ ಎಳೆದು ನೋಡಿದ.
ಕೆಳಗೆಲ್ಲೋ ಗಟ್ಟಿಯಾಗಿ ಒಂದು ಸದ್ದು,
ಯಾರೋ ಹೊಂಡಕ್ಕಿಳಿದ ಹಾಗೆ.