ಒಂಬತ್ತನೆಯ ಹೆಸರು

ಆಂಟಾಪ್ ಹಿಲ್ಲಿನ ನಮ್ಮ ಕಟ್ಟಡಕ್ಕೆ ನಾಲ್ಕು ಅಂತಸ್ತು, ಐದು ಭಾಷೆ.
ನೆಲದಲ್ಲಿ ಮರಾಠಿ, ಅದರ ಮೇಲೆ ಉರ್ದು,
ತಮಿಳು ತೆಲುಗು ನಡುವೆ ಹಲಗೆಯ ಗೋಡೆ,
ನಾವು ಎಲ್ಲರಿಗಿಂತ ಮೇಲೆ, ನೀರಿನ ಟಾಂಕಿಯ ಕೆಳಗೆ.
ಮೋಟರು ನಿಲ್ಲಿಸಲು ಮರೆತ ದಿನ
ಮಗ್ಗಿಯ ಮೇಲೆ ತೊಟ್ಟಿಕ್ಕುತ್ತದೆ.

ಖೋಖೋ ಪಂದ್ಯದ ಯೋಚನೆ ನನ್ನದೇ, ಯಾರನ್ನೂ ದೂರುವಂತಿಲ್ಲ.
ಮಾಧ್ಯಮಕ್ಕೊಂದು ಹುಡುಗಿಯರ ತಂಡ, ಶನಿವಾರ, ಎಂಟು ಗಂಟೆಗೆ.
ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಹೇಳಿಬಿಟ್ಟೆ;
ಕೂತ ಮೇಲೆ ಲೆಕ್ಕ ಹಾಕಿದೆ.
ಐದು, ಆರು, ಏಳು, ಮೂರೂ ತರಗತಿ ಜಾಡಿಸಿದರೂ
ಹುಡುಗಿಯರು ಎಂಟು.
ಹಾಜರಿ ಪುಸ್ತಕದಲ್ಲಿ ಒಂಬತ್ತು.

ಒಂಬತ್ತನೆಯವಳು ಸಾಬವ್ವ ದೇವಿಂದ್ರಪ್ಪ.
ದೀಪಾವಳಿ ರಜೆಗೆ ಹೋದವಳು ತಿರುಗಿ ಬರಲಿಲ್ಲ.
ಪನ್ವೇಲಿನ ಕಡೆ ಟವರು ಏಳುತ್ತಿದೆಯಂತೆ,
ಅವ್ವ ಸಿಮೆಂಟು ಹೊರುತ್ತಾಳಂತೆ,
ಇವಳು ತಮ್ಮನನ್ನು ಆಡಿಸುತ್ತಾಳಂತೆ. ಎಲ್ಲಾ ಅಂತೆ.
ಸಂಖ್ಯೆ ಇಳಿದರೆ ತರಗತಿ ಉಳಿಯುವುದಿಲ್ಲವೆಂದು
ಸಾಹೇಬರು ಚಹಾ ಕುಡಿಯುತ್ತ ಮೆಲ್ಲಗೆ ಹೇಳಿಹೋಗಿದ್ದರು.
ಅದಕ್ಕೇ ದಿನಾ ಬೆಳಿಗ್ಗೆ ನೀಲಿ ಪೆನ್ನಿನಿಂದ
ಅವಳನ್ನು ಕರೆತಂದು ಕೂರಿಸುತ್ತೇನೆ.
ಒಂದು ದಿನ ಜ್ವರವೂ ಬಾರದ ಹುಡುಗಿ, ನನ್ನ ಪುಸ್ತಕದಲ್ಲಿ.

ತಂಡದ ಪಟ್ಟಿ ಹಾಜರಿ ನೋಡಿಯೇ ಬರೆಯಬೇಕು.
ಆ ನಿಯಮವೂ ನನ್ನದೇ.

ಶುಕ್ರವಾರ ಸಂಜೆ ಅಂಗಳಕ್ಕೆ ಗೆರೆ ಹಾಕಿದೆವು.
ಸುಣ್ಣದ ಪುಡಿ ಆರನೆಯ ಚೌಕಕ್ಕೇ ಮುಗಿಯಿತು,
ಉಳಿದದ್ದು ಬೋರ್ಡಿನ ಸೀಮೆಸುಣ್ಣದಲ್ಲಿ.
ಸೀಟಿ ಘರತ್ ಬಾಯಿಯದು.
ಗಡಿಯಾರ ಯಾದಯ್ಯ ಸರ್ ಫೋನು,
ಅದರಲ್ಲಿ ಮೂರು ನಿಮಿಷಕ್ಕೊಮ್ಮೆ ಅವರ ಹೆಂಡತಿ.
ನಿಂಗಮ್ಮ ಕೈ ಕೊಡವಿಕೊಳ್ಳುತ್ತ ಕೇಳಿದಳು:
"ಟೀಚರ್ರೀ, ಸಾಬವ್ವನ ಹೆಸರ ಬರ್ದೀರಿ.
ಆಕಿಗಿ ಹೇಳಿ ಕಳಸ್ಲೇನ್ರಿ?"
ನಾನು ಹೂಂ ಅಂದೆ, ಉಹೂಂ ಅಂದ ಹಾಗೆ.

ಮೊದಲ ಸರದಿ ಎಂಟೇ ಜನ.
ಅಟ್ಟಿಕೊಂಡು ಬಂದವಳು ಆ ಚೌಕಕ್ಕೆ ಬಾಗಿ,
ಬೆನ್ನು ಸಿಗದೆ, ಕೈ ಗಾಳಿಗೆ ತಾಕಿ, ಮುಂದಕ್ಕೆ ಓಡುವಷ್ಟರಲ್ಲಿ
ತಮಿಳಿನ ಹುಡುಗಿಯರು ಸಾಲು ದಾಟಿ ನಗುತ್ತಿದ್ದರು.
ಒಂಬತ್ತನೆಯವಳು ಎಲ್ಲಿ, ಎಂದರು ಘರತ್ ಬಾಯಿ.
ಬರ್ತಾಳೆ, ಎಂದೆ.
ಮೂರು ತಿಂಗಳಿಂದ ರೂಢಿಯಾದ ಮಾತು.

ಬಂದಳು.
ಗೇಟು ಕಿರುಗುಟ್ಟಿತು, ಕಂಕುಳಲ್ಲಿ ತಮ್ಮ,
ಹಿಮ್ಮಡಿಯ ಬಿರುಕಿನಲ್ಲಿ ಸಿಮೆಂಟಿನ ಬಿಳುಪು,
ಹಾರ್ಬರ್ ಲೈನಿನ ಗಾಳಿಗೆ ಕೆದರಿದ ತಲೆ.
ಟಿಕೆಟ್ಟಿನ ವಿಷಯ ನಾನು ಕೇಳಲಿಲ್ಲ.
ಕೂಸನ್ನು ನನ್ನ ಮಡಿಲಿಗೆ ಹಾಕಿ
ಚೌಕದಲ್ಲಿ ಹೋಗಿ ಕೂತಳು,
ನೀರು ಕುಡಿಯಲೆಂದು ಎದ್ದು ಹೋಗಿದ್ದವಳಂತೆ.

ಖೋ!
ಬೆನ್ನಿಗೆ ಅಂಗೈ ಬಿದ್ದಾಗ ಅವಳು ಎದ್ದದ್ದು ನೀವು ನೋಡಬೇಕಿತ್ತು.
ಇಷ್ಟು ದಿನ ಅಲ್ಲೇ ಕೂತು ಕಾದಿದ್ದ ಕಾಲುಗಳು.
ಕಂಬ ಸುತ್ತಿ, ಧೂಳೆಬ್ಬಿಸಿ, ನಾಲ್ವರನ್ನು ಮುಟ್ಟಿದಳು.
ಉರ್ದುವಿನ ಹುಡುಗಿಯರು ಮೊದಲ ಮಹಡಿಯ ಜಾಲರಿಗೆ ಮುಖ ಒತ್ತಿ
ಯಾರ ಕಡೆಯೆಂದು ಮರೆತು ಕೂಗಿದರು.
ಆದರೂ ಸೋತೆವು.
ಎರಡರಿಂದಲೋ ಮೂರರಿಂದಲೋ, ಜಗಳ ಇನ್ನೂ ಇದೆ,
ಮಡಿಲಿನ ಮಹಾಶಯ ಅಂಕಪಟ್ಟಿಯ ಮೇಲೇ ಉಚ್ಚೆ ಹೊಯ್ದಿದ್ದ.

ವಡಾಪಾವ್ ಹಂಚುವಾಗ ಪಕ್ಕಕ್ಕೆ ಬಂದು ನಿಂತಳು.
"ಪುಸ್ತಕದಾಗ ನನ್ನ ಹೆಸರ ಇನ್ನಾ ಅದಾ?"
ಅದ, ಅಂದೆ, ಅವಳ ಮಾತಿನಲ್ಲೇ.
"ದಿನಾ ಬಂದೀನಂತ ಬರ್ದೀರಾ?"
ನಾನು ಬಗ್ಗಿ ಕಾಗದ ಆರಿಸತೊಡಗಿದೆ.
"ಹಂಗಂದ್ರ ಪಾಸಾಗ್ತೀನಿ ಬಿಡ್ರಿ!"
ಎಂದು ನಕ್ಕು, ಅವ್ವನಿಗೊಂದು ವಡಾಪಾವ್ ಸುತ್ತಿಕೊಂಡು,
ತಮ್ಮನನ್ನು ಕಸಿದು,
ಲೋಕಲ್ಲಿಗೆ ಓಡಿದಳು.

ಸೋಮವಾರ.
ಶನಿವಾರದ ಮನೆಯಲ್ಲಿ ಅವಳ ಗುರುತಿದೆ,
ಮೂರು ತಿಂಗಳಲ್ಲಿ ಅದೊಂದೇ ನಿಜದ್ದು.
ಶಾಯಿ ಅದೇ, ಕೈ ಅದೇ,
ಬೆರಳಿಟ್ಟು ಹುಡುಕಿದರೂ ಬೇರೆಯೆನಿಸುವುದಿಲ್ಲ.
ಅದರ ಪಕ್ಕದ ಮನೆ ಖಾಲಿ.
ಮೇಲೆ ಟಾಂಕಿ ತುಂಬಿ ತೊಟ್ಟಿಕ್ಕತೊಡಗಿದೆ,
ಎಂಟು ಹುಡುಗಿಯರು ನನ್ನನ್ನೇ ನೋಡುತ್ತಿದ್ದಾರೆ,
ಪೆನ್ನಿನ ಮುಚ್ಚಳ ನನ್ನ ಹಲ್ಲಿನ ನಡುವೆ ಇದೆ.